ಉದ್ಯಾನದ ಋತುಪಾಠವೂ ಊರಿನ ತೋಪೂ

ಸಾರ್ವಜನಿಕ ಸಸ್ಯೋದ್ಯಾನಗಳು ಕೇವಲ ವಿಹಾರಸ್ಥಳಗಳಾಗಿ ಉಳಿಯದೆ ಪಾಠಶಾಲೆಗಳೂ ಆಗಬೇಕೆಂಬ ಅಭಿಪ್ರಾಯ ಈಗ ಬಹುಮಟ್ಟಿಗೆ ಸರ್ವಸಮ್ಮತವಾಗಿದೆ. ಬೇಸಿಗೆಯ ರಜೆಯಲ್ಲಿ ಮಕ್ಕಳ ಶಿಬಿರ, ಭಾನುವಾರದ ಬೆಳಗ್ಗೆ ಮರಗಳ ಪರಿಚಯಕ್ಕಾಗಿ ಸಂಚಾರ, ಫಲಪುಷ್ಪ ಪ್ರದರ್ಶನದ ಕಾಲದಲ್ಲಿ ಹೂವಿನ ಜೋಡಣೆ, ಬೋನ್ಸಾಯ್, ತರಕಾರಿ ಕೆತ್ತನೆ ಮುಂತಾದ ಕಲೆಗಳ ಸ್ಪರ್ಧೆ, ಹೀಗೆ ವರ್ಷದ ಉದ್ದಕ್ಕೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ಇದು ಒಳ್ಳೆಯ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಒಳ್ಳೆಯ ಕೆಲಸವೆಂಬ ಕಾರಣಕ್ಕೆ ಅದು ವಿಮರ್ಶೆಗೆ ಅತೀತವಾಗಬೇಕಾಗಿಲ್ಲ. ಒಂದು ಗ್ರಂಥವನ್ನೋ ನಾಟಕವನ್ನೋ ಪರೀಕ್ಷಿಸುವಂತೆ ಒಂದು ಪಾಠಕ್ರಮವನ್ನೂ ಪರೀಕ್ಷಿಸಬಹುದು: ಅದು ಏನನ್ನು ಹೇಳುತ್ತದೆ, ಯಾವುದನ್ನು ಬಿಡುತ್ತದೆ, ಬಿಟ್ಟದ್ದರಿಂದ ಕಲಿಯುವವನಿಗೆ ಏನು ನಷ್ಟವಾಗುತ್ತದೆ? ನಾವು ಸಸ್ಯಶಾಸ್ತ್ರಜ್ಞರಲ್ಲ, ನಮ್ಮ ಕ್ಷೇತ್ರ ಇತಿಹಾಸ. ಆದುದರಿಂದ ಪರಾಗ ಕೇಸರಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಂದ ಬಸ್ಸುಗಳಲ್ಲಿ ಲಾಲ್‌ಬಾಗಿಗೆ ಬರುವ ಮಕ್ಕಳು ಅಲ್ಲಿಂದ ಯಾವ ಚರಿತ್ರೆಯನ್ನು ಹೊತ್ತುಕೊಂಡು ಊರಿಗೆ ಹಿಂತಿರುಗುತ್ತಾರೆ ಎಂಬುದಷ್ಟನ್ನೇ ಇಲ್ಲಿ ವಿಚಾರ ಮಾಡುತ್ತೇವೆ.

ಲಾಲ್‌ಬಾಗಿನ ಚರಿತ್ರೆಯ ಸ್ಥೂಲರೂಪ ವಾಚಕರಿಗೆ ತಿಳಿದದ್ದೇ. ೧೭೬೦ರಲ್ಲಿ ಹೈದರಾಲಿ ಇದನ್ನು ಆರಂಭಿಸಿದನು. ಟಿಪ್ಪುಸುಲ್ತಾನನು ದೂರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಬೆಳೆಸಿದನು. ೧೮೦೦ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಈ ತೋಟವನ್ನು ವರ್ಣಿಸಿದ್ದಾನೆ. ಚೌಕಾಕಾರದ ಮಡಿಗಳು, ನಡುವೆ ಸೈಪ್ರೆಸ್ ಮರಗಳ ಸಾಲಿನಿಂದ ಅಲಂಕೃತವಾದ ದಾರಿಗಳು, ಒಂದು ಮಡಿಯಲ್ಲಿ ಗುಲಾಬಿ ಮಾತ್ರ, ಇನ್ನೊಂದರಲ್ಲಿ ದಾಳಿಂಬೆ ಮಾತ್ರ, ಹೀಗೆ ಜಾತಿಗೊಂದು ಜಾಗ. ಆತನು ಅದನ್ನು ವಿಹಾರಿಯ ಕಣ್ಣಿನಿಂದ ನೋಡಲಿಲ್ಲ. ಯಾವ ಬೆಳೆ ಎಲ್ಲಿ ಒಗ್ಗುತ್ತದೆ ಎಂದು ಲೆಕ್ಕಹಾಕುವ ಕಂಪನಿಯ ಅಧಿಕಾರಿಯ ಕಣ್ಣಿನಿಂದ ನೋಡಿದನು. ೧೮೫೬ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾದ ಮೇಲೂ ಆ ಕಣ್ಣೇ ಮುಂದುವರಿಯಿತು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ, ಆಮೇಲೆ ೧೮೭೪ರಿಂದ ಜಾನ್ ಕ್ಯಾಮರಾನ್, ೧೯೦೮ರಿಂದ ೧೯೩೨ರವರೆಗೆ ಜರ್ಮನಿಯ ಜಿ. ಎಚ್. ಕೃಂಬಿಗಲ್, ಅವರ ತರುವಾಯ ಎಚ್. ಸಿ. ಜವರಾಯ, ಬಳಿಕ ಎಂ. ಎಚ್. ಮರಿಗೌಡ, ಇವರೆಲ್ಲರ ಕಾಲದಲ್ಲಿಯೂ ಲಾಲ್‌ಬಾಗು ಗಿಡಗಳನ್ನು ಬರಮಾಡಿಕೊಂಡು, ಒಗ್ಗಿಸಿ, ನಾಡಿಗೆ ಹಂಚುವ ಒಂದು ಸುಂಕದ ಕಟ್ಟೆಯಂತೆ ಇದ್ದಿತು. ನಮ್ಮ ಅಡಿಗೆಮನೆಯ ಸೀಮೆಬದನೆ ಕ್ಯಾಮರಾನ್ ಅವರ ಕಾಲದಲ್ಲಿ ಬಂದದ್ದು. ಅದಕ್ಕೆ ಹೊರಗಿನವರು ಬೆಂಗಳೂರು ಬದನೆ ಎಂದೇ ಹೆಸರಿಟ್ಟರು. ಮರಿಗೌಡರು ೧೯೬೩ರಲ್ಲಿ ಪ್ರತ್ಯೇಕ ತೋಟಗಾರಿಕೆ ಇಲಾಖೆಯ ಹೊಣೆ ಹೊತ್ತಮೇಲೆ ಜಿಲ್ಲೆಜಿಲ್ಲೆಗಳಲ್ಲಿ ಸಸ್ಯಕ್ಷೇತ್ರಗಳನ್ನು ಹರಡಿದ್ದೂ ಇದೇ ಧೋರಣೆಯ ವಿಸ್ತಾರ.

ಇಂಥ ಒಂದು ಸ್ಥಳದಲ್ಲಿ ನಡೆಯುವ ಋತುಪಾಠವು ಹೇಗಿರುತ್ತದೆ? ಬಹುಮಟ್ಟಿಗೆ ಅದು ಹೂವಿನ ಪಾಠ. ಜನವರಿ ಫೆಬ್ರವರಿಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಅದರ ಬೆನ್ನಿಗೆ ಹಳದಿ ಟಬೂಬಿಯಾ, ಮಾರ್ಚಿನಲ್ಲಿ ನೀಲಿಯ ಜಕರಂಡ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ, ಹೀಗೆ ಒಂದಾದ ಮೇಲೊಂದು ಹೂಬಿಡುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆಯ್ದ ಕೀರ್ತಿ ಕೃಂಬಿಗಲ್ ಅವರಿಗೆ ಸಲ್ಲುತ್ತದೆ. ಮಾರ್ಗದರ್ಶಕರು ಮರದ ಹೆಸರನ್ನು ಹೇಳುತ್ತಾರೆ, ಕುಲವನ್ನು ಹೇಳುತ್ತಾರೆ, ಟಬೂಬಿಯಾ ಜಕರಂಡಗಳು ದಕ್ಷಿಣ ಅಮೆರಿಕದವು, ಗುಲ್‌ಮೊಹರ್ ಮಡಗಾಸ್ಕರಿನದು ಎಂದೂ ಹೇಳುತ್ತಾರೆ. ಅಲ್ಲಿಗೆ ಗುಂಪು ಮುಂದಿನ ಮರಕ್ಕೆ ಸರಿಯುತ್ತದೆ. ಯಾರು ತಂದರು, ಯಾವ ಹಡಗಿನ ಯಾವ ವ್ಯವಹಾರದಲ್ಲಿ ತಂದರು, ಅದನ್ನು ನೆಟ್ಟ ಜಾಗದಲ್ಲಿ ಮೊದಲು ಏನಿತ್ತು, ನೆಟ್ಟವರ ಕೂಲಿ ಎಷ್ಟು ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ಮರವು ದೇಶದಿಂದ ದೇಶಕ್ಕೆ ತಾನಾಗಿಯೇ ನಡೆದುಬಂದಂತೆ ಮಗುವಿಗೆ ಭಾಸವಾಗುತ್ತದೆ.

ಪರದೇಶದ ಮರಗಳೆಂಬುದೇ ನಮ್ಮ ಆಕ್ಷೇಪಣೆಯೆಂದು ಯಾರೂ ತಿಳಿಯಬಾರದು. ಸ್ವದೇಶಿ ವಿದೇಶಿ ಎಂಬ ಗೆರೆಯನ್ನು ಗಿಡಗಳ ನಡುವೆ ಎಳೆಯಹೊರಟವರು ಬೇಗ ದಾರಿತಪ್ಪುತ್ತಾರೆ. ನಮ್ಮ ಜಿಲ್ಲೆಯ ಹೊಲಗಳ ರಾಗಿ ಆಫ್ರಿಕದ ಎತ್ತರದ ನಾಡುಗಳಿಂದ ಬಂದ ಧಾನ್ಯ. ಹುಣಸೆಯ ಮೂಲವೂ ಆಫ್ರಿಕವೇ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅರಬರು ಅದಕ್ಕೆ ಹಿಂದೂದೇಶದ ಖರ್ಜೂರವೆಂಬ ಅರ್ಥದ ಹೆಸರನ್ನಿಟ್ಟರು, ಆ ಹೆಸರೇ ಯುರೋಪಿನ ಭಾಷೆಗಳಿಗೆ ಹೋಯಿತು. ಬಂದವರು ಎಷ್ಟು ಕಾಲ ಇದ್ದರು, ಯಾರ ಮನೆಯವರಾದರು ಎಂಬುದು ಚರಿತ್ರೆ. ಆ ಚರಿತ್ರೆಯನ್ನು ಕನ್ನಡದಲ್ಲಿ ಸರಸವಾಗಿ ಹೇಳಲು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಬಿ. ಜಿ. ಎಲ್. ಸ್ವಾಮಿಯವರ ಕಡೆಗೆ ಬೆರಳು ತೋರಿಸಿದರೆ ಸಾಕು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ಅವರ ಗ್ರಂಥ ದಿನನಿತ್ಯದ ತರಕಾರಿಗಳ ವಲಸೆಯ ಕಥೆ. 'ಶಾಸನಗಳಲ್ಲಿ ಗಿಡಮರಗಳು' ಸಸ್ಯಶಾಸ್ತ್ರಜ್ಞನೊಬ್ಬನು ನಮ್ಮ ಇತಿಹಾಸ ವಿಭಾಗಗಳಿಗೆ ಕೊಟ್ಟ ಕಾಣಿಕೆ. ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಹಸಿರು ಹೊನ್ನು' ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಉಪಾಧ್ಯಾಯನೊಬ್ಬನ ಅನುಭವ. ಉದ್ಯಾನದ ಪಾಠಗಳಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೆ? ಆದರೂ ಮರಕ್ಕೆ ತೂಗುಹಾಕಿದ ಫಲಕಗಳಲ್ಲಿ ಲ್ಯಾಟಿನ್ ಹೆಸರಿರುವಷ್ಟು ಸ್ಪಷ್ಟವಾಗಿ ಈ ಬಗೆಯ ಬರವಣಿಗೆಯ ಸುಳಿವು ಕಾಣುವುದಿಲ್ಲ.

ಋತುವೆಂಬ ಮಾತನ್ನೇ ಈಗ ತೆಗೆದುಕೊಳ್ಳೋಣ. ಮಕ್ಕಳಿಗೆ ಕಲಿಸುವ ವಸಂತ, ಗ್ರೀಷ್ಮ, ಶರತ್ತುಗಳು ಕಾವ್ಯಕ್ಕೆ ಸಾಲಬಹುದು. ಭಾಷಾಂತರವಾಗಿ ಬಂದ ನಾಲ್ಕು ಋತುಗಳಂತೂ ಚಿತ್ರದ ಪುಸ್ತಕಕ್ಕೆ ಮಾತ್ರ ತಕ್ಕವು. ಬೆಂಗಳೂರಿನ ಸುತ್ತಣ ಬಯಲಿನಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಇನ್ನೊಮ್ಮೆ ಮಳೆಯಾಗುತ್ತದೆ. ಇದನ್ನು ಅಳೆಯಲು ಇಲ್ಲಿಯ ಒಕ್ಕಲಿಗನು ಬಳಸಿದ ಪಂಚಾಂಗ ಬೇರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಮೇ ಕೊನೆಯಲ್ಲಿ ರೋಹಿಣಿ, ಜೂನ್ ಕೊನೆಯಲ್ಲಿ ಆರಿದ್ರಾ, ಜುಲೈಯಲ್ಲಿ ರಾಗಿಯ ಬಿತ್ತನೆಗೆ ಹದಗೊಡುವ ಪುನರ್ವಸು ಪುಷ್ಯಗಳು, ಹಿಂಗಾರಿನ ಹಸ್ತ, ಚಿತ್ತಾ, ಸ್ವಾತಿ. ಆರು ಋತುಗಳಿಗಿಂತಲೂ ಸೂಕ್ಷ್ಮವಾದ ಈ ವಿಭಾಗವು ಶತಮಾನಗಳ ವೀಕ್ಷಣೆಯ ಫಲ. ಅದು ಯಾವಾಗಲೂ ಸರಿಯಾಗಿ ಮಳೆ ತರುತ್ತದೆಂದು ನಾವು ವಾದಿಸುವುದಿಲ್ಲ. ವೀಕ್ಷಣೆಯ ಪದ್ಧತಿಯೊಂದು ಇತ್ತು, ಅದಕ್ಕೊಂದು ಪರಿಭಾಷೆ ಇತ್ತು ಎಂಬುದಷ್ಟೇ ನಮ್ಮ ಮಾತು. ಪ್ರಕೃತಿ ವೀಕ್ಷಣೆಯನ್ನು ಕಲಿಸಹೊರಟ ವರ್ಗದಲ್ಲಿ ಅದರ ಹೆಸರೇ ಬಾರದಿರುವುದು ವಿಚಿತ್ರವಾಗಿದೆ. ಹೊಸಕೋಟೆಯ ಹಳ್ಳಿಯಿಂದ ಬಂದ ಹುಡುಗನ ಅಜ್ಜನಿಗೆ ಇದು ಕರತಲಾಮಲಕ. ಹುಡುಗನಿಗೆ ಅದು ವಿದ್ಯೆಯೆಂದೇ ತಿಳಿದಿಲ್ಲ, ಏಕೆಂದರೆ ವಿದ್ಯೆಯೆಂದು ಅದನ್ನು ಯಾರೂ ಅವನಿಗೆ ತೋರಿಸಿಲ್ಲ.

ಪ್ರದರ್ಶನಗಳ ಕಾಲವನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ವರ್ಷಕ್ಕೆ ಎರಡು ಫಲಪುಷ್ಪ ಪ್ರದರ್ಶನಗಳು ನಡೆಯುವುದು ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ ಹೊಂದಿಕೊಂಡು. ಅಂದರೆ ಉದ್ಯಾನದ ಪಂಚಾಂಗವನ್ನು ಕಟ್ಟಿದ್ದು ಗಿಡಗಳಲ್ಲ, ರಾಜ್ಯಭಾರ. ಆಗಸ್ಟಿನ ಪ್ರದರ್ಶನ ನಡೆಯುವಾಗ ಆಶ್ಲೇಷಾ ಮಳೆ ಮುಗಿದು ಮಘಾ ಹಿಡಿಯುವ ಹೊತ್ತು. ನೆಲಮಂಗಲದ ಹೊಲದಲ್ಲಿ ರಾಗಿ ಪೈರಿಗೆ ಕುಂಟೆ ಹಾಯಿಸುವ, ಕಳೆ ತೆಗೆಯುವ ಕಾಲ. ಜನವರಿಯದು ಕಣದ ಕೆಲಸ ಮುಗಿದು ಅವರೆಯ ಸೊಗಡು ಇನ್ನೂ ಮನೆಗಳಲ್ಲಿರುವ ಕಾಲ. ಗಾಜಿನ ಮನೆಯೊಳಗೆ ಇವೆರಡೂ ಒಂದೇ. ೧೮೮೯ರಲ್ಲಿ ಆಂಗ್ಲ ರಾಜಕುಮಾರ ಆಲ್ಬರ್ಟ್ ವಿಕ್ಟರನಿಂದ ಅಸ್ತಿಭಾರ ಹಾಕಿಸಿಕೊಂಡ ಆ ಮನೆಗೆ ಹೊರಗಿನ ಹವೆಯ ಹಂಗು ಕಡಿಮೆಯೆಂಬುದು ಸಹಜವೇ ಆಗಿದೆ ಎನ್ನಬಹುದು.

ಸಮವಸ್ತ್ರದಲ್ಲಿ ಬರುವ ಶಾಲಾಮಕ್ಕಳಿಗೆ ಪ್ರದರ್ಶನದಲ್ಲಿ ಉಚಿತ ಪ್ರವೇಶವಿದೆ. ಗ್ರಾಮಾಂತರದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಲಾಲ್‌ಬಾಗಿನ ಪರಿಚಯವಾಗುವುದೇ ಆ ದಿನ. ಈಚಿನ ವರ್ಷಗಳಲ್ಲಿ ಪ್ರದರ್ಶನಕ್ಕೆ ಒಂದು ಚಾರಿತ್ರಿಕ ವಸ್ತುವನ್ನು ಆರಿಸುವುದು ವಾಡಿಕೆ. ೨೦೨೩ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯನವರು ಮತ್ತು ವಿಧಾನಸೌಧ, ೨೦೨೪ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, ಅದೇ ವರ್ಷದ ಆಗಸ್ಟಿನಲ್ಲಿ ಅಂಬೇಡ್ಕರರು, ೨೦೨೫ರ ಜನವರಿಯಲ್ಲಿ ವಾಲ್ಮೀಕಿ. ಇತಿಹಾಸದ ಉಪಾಧ್ಯಾಯರಾದ ನಾವು ಇದರಿಂದ ಹಿಗ್ಗಬೇಕಾಗಿತ್ತು. ಆದರೆ ಲಕ್ಷಾಂತರ ಕೊಯ್ದ ಹೂಗಳಿಂದ ಕಟ್ಟಿದ ವಿಧಾನಸೌಧವು ವಿಧಾನಸೌಧದ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಹೂವಿನ ವಿಷಯವಾಗಿ ಅದಕ್ಕಿಂತಲೂ ಕಡಿಮೆ ಹೇಳುತ್ತದೆ. ಆ ಹೂವು ಯಾರ ಹೊಲದಲ್ಲಿ ಬೆಳೆಯಿತು? ಆ ಹೊಲಕ್ಕೆ ಎಷ್ಟು ಅಡಿ ಆಳದ ಕೊಳವೆಬಾವಿಯಿಂದ ನೀರು ಬಂದಿತು? ದೊಡ್ಡಬಳ್ಳಾಪುರದ ಕಡೆ ಹಸಿರುಮನೆಗಳಲ್ಲಿ ಗುಲಾಬಿ ಬೆಳೆಯುವವರ ಮಕ್ಕಳೇ ಆ ಸರದಿಯಲ್ಲಿ ನಿಂತಿರಬಹುದು. ಅವರ ತಂದೆತಾಯಿಗಳ ದುಡಿಮೆ ಅಲ್ಲಿ ಅಲಂಕಾರವಾಗಿದೆ, ಪಾಠವಾಗಿಲ್ಲ. ಚರಿತ್ರೆಯನ್ನು ಹೀಗೆ ಪ್ರತಿಕೃತಿಯಾಗಿ ಹೊರಗಿನಿಂದ ತಂದಿಡುವ ಶ್ರಮದ ಹತ್ತರಲ್ಲೊಂದು ಪಾಲನ್ನು ಉದ್ಯಾನದ ಸ್ವಂತ ಚರಿತ್ರೆಗೆ ವ್ಯಯಮಾಡಿದ್ದರೆ ಸಾಕಾಗಿತ್ತು. ಒಂದು ಉದಾಹರಣೆ ಹೇಳಿ ಈ ಮಾತನ್ನು ಮುಗಿಸುತ್ತೇವೆ. ಉದ್ಯಾನದೊಳಗೆ ಕೃಂಬಿಗಲ್ ಅವರ ಹೆಸರಿನ ಒಂದು ಹಳೆಯ ಸಭಾಂಗಣವಿದ್ದಿತು. ತೋಟಗಾರಿಕೆಯ ಉಪನ್ಯಾಸಗಳು ಒಂದು ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದವು. ದುರಸ್ತಿಯಿಲ್ಲದೆ ನಿಂತಿದ್ದ ಆ ಕಟ್ಟಡ ೨೦೧೭ರಲ್ಲಿ ಕುಸಿದು ಬಿದ್ದಿತು, ಬಳಿಕ ಅದನ್ನು ಮರುನಿರ್ಮಿಸಬೇಕಾಯಿತು.

ಈಗ ನಗರವನ್ನು ಬಿಟ್ಟು ಆ ಮಕ್ಕಳ ಊರಿನ ಕಡೆಗೆ ಹೊರಳೋಣ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ೫೪ ಎಕರೆಯ ಒಂದು ಹುಣಸೆಯ ತೋಪಿದೆ. ಹತ್ತಿರ ಹತ್ತಿರ ೩೦೦ ಮರಗಳು. ಅವುಗಳಲ್ಲಿ ಕೆಲವು ಶತಮಾನಗಳನ್ನು ಕಂಡವು. ಹೆಬ್ಬಂಡೆಯಂತೆ ಗಂಟುಗಟ್ಟಿದ ಬೊಡ್ಡೆ, ಪೊಳ್ಳಾದ ನಡು, ಬಿದ್ದ ಕೊಂಬೆಯಿಂದ ಮತ್ತೆ ಎದ್ದ ಚಿಗುರು, ನಡುವೆ ಹಳೆಯ ಗುಡಿಯ ಅವಶೇಷ. ತೋಪು ಚೋಳರ ಕಾಲದ್ದೆಂದು ಸ್ಥಳೀಯ ಪ್ರತೀತಿ. ಪ್ರತೀತಿಯನ್ನು ಪ್ರಮಾಣವೆಂದು ಹಿಡಿಯುವುದು ನಮ್ಮ ವೃತ್ತಿಗೆ ಸಲ್ಲದು. ಆದರೆ ಜನರು ಒಂದು ತೋಪಿಗೆ ರಾಜವಂಶವೊಂದರ ವಯಸ್ಸನ್ನು ಕೊಟ್ಟು ಕಾಪಾಡಿಕೊಂಡು ಬಂದರೆಂಬುದೇ ಒಂದು ಚಾರಿತ್ರಿಕ ಸಂಗತಿ. ೨೦೦೨ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ ೨೦೦೭ರಲ್ಲಿ ಇದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿಯೇ ಇಂಥ ಮೊದಲನೆಯ ತಾಣ ಇದು. ಅದರ ಮರುವರ್ಷ, ೨೦೦೮ರ ಮೇ ತಿಂಗಳಲ್ಲಿ, ಅದೇ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಎರಡರಲ್ಲಿ ಯಾವುದು ಮಕ್ಕಳ ಪ್ರವಾಸದ ಪಟ್ಟಿಗೆ ಸೇರಿತೆಂಬುದನ್ನು ವಾಚಕರೇ ಊಹಿಸಬಲ್ಲರು.

ನಲ್ಲೂರು ಅಪೂರ್ವವಾದದ್ದು, ನಿಜ. ಆದರೆ ತೋಪು ಅಪೂರ್ವವಲ್ಲ. ಮೈಸೂರು ಸೀಮೆಯ ಹಳ್ಳಿಗಳ ಕಂದಾಯದ ಕಾಗದಗಳಲ್ಲಿ ಗುಂಡುತೋಪೆಂಬ ಒಂದು ಬಾಬು ಇದೆ: ಊರಿಗೆ ಸೇರಿದ, ಯಾರೊಬ್ಬರಿಗೂ ಸೇರದ, ಮಾವು ಹುಣಸೆ ಹೊಂಗೆ ನೇರಳೆಗಳ ನೆರಳು. ದಾರಿಹೋಕರು ಬಂಡಿ ಬಿಡುವುದು ಅಲ್ಲಿ, ಜಾತ್ರೆಗೆ ಬಂದವರು ಒಲೆ ಹೂಡುವುದು ಅಲ್ಲಿ. ಹೊಂಗೆಯ ಬೀಜ ದೀಪದ ಎಣ್ಣೆಗೆ, ಎಲೆ ಗದ್ದೆಯ ಗೊಬ್ಬರಕ್ಕೆ. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲು. ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಅದರಲ್ಲಿವೆ. ಭೂದಾನದ ಶಾಸನಗಳನ್ನು ಓದಿದವರಿಗೆ ಗದ್ದೆ, ಬೆದ್ದಲು, ತೋಟಗಳೆಂಬ ವಿಂಗಡಣೆಯೂ, ಎಲ್ಲೆಗಳನ್ನು ಹೇಳುವಾಗ ಕೆರೆ, ಬಂಡೆ, ಹುತ್ತಗಳ ಜೊತೆಗೆ ಮರವೊಂದನ್ನು ಗುರುತಾಗಿ ಹೆಸರಿಸುವ ರೂಢಿಯೂ ಪರಿಚಿತ. ಅಂದರೆ ಮರಕ್ಕೆ ಸಾಕ್ಷಿಯ ಸ್ಥಾನವಿದ್ದಿತು. ಇಂಥ ಒಂದು ಶಾಸನವನ್ನು ಕೈಯಲ್ಲಿ ಹಿಡಿದು ಊರ ಎಲ್ಲೆಯನ್ನು ನಡೆದು ನೋಡುವ ತರಗತಿಗಿಂತ ಒಳ್ಳೆಯ ಪ್ರಕೃತಿಸಂಚಾರ ಯಾವುದಿದ್ದೀತು? ಸಸ್ಯಶಾಸ್ತ್ರಕ್ಕೂ ಇತಿಹಾಸಕ್ಕೂ ಒಂದೇ ಬಸ್ಸಿನ ಖರ್ಚು. ಊರಿನದೇ ಶಾಲೆಯಾದರೆ ಅದೂ ಇಲ್ಲ.

ಈ ಸಾಕ್ಷಿಗಳು ಒಂದೊಂದಾಗಿ ಹೋಗುತ್ತಿವೆ ಎಂಬುದೇ ನಮ್ಮ ಆತುರಕ್ಕೆ ಕಾರಣ. ಇಲ್ಲಿಯ ಬಯಲಿನ ಈಚಿನ ಚರಿತ್ರೆಯಲ್ಲಿ ನೀಲಗಿರಿ ಮರದ್ದೇ ಒಂದು ಅಧ್ಯಾಯ. ಮೈಸೂರು ಗಮ್ ಎಂದು ಹೆಸರಾದ ನೀಲಗಿರಿಯ ಬಗೆ ಹರಡಿದ್ದು ನೆರೆಯ ನಂದಿಬೆಟ್ಟದ ಮರಗಳ ಬೀಜದಿಂದ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ಬೆಂಗಳೂರು ಜಿಲ್ಲೆಗಳ ರಾಗಿಯ ಹೊಲಗಳಿಗೂ ಅದು ನುಗ್ಗಿತು. ೧೯೮೩ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಮಡಿಗಳಿಗೆ ನಡೆದು ನೀಲಗಿರಿಯ ಸಸಿಗಳನ್ನು ಕಿತ್ತು ಅಲ್ಲಿ ಹುಣಸೆ ಮತ್ತು ಮಾವಿನ ಬೀಜಗಳನ್ನು ಬಿತ್ತಿದರು. ೨೦೧೭ರಲ್ಲಿ ಸರ್ಕಾರವೇ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಒಂದು ಮರದ ಬರವು, ಅದರ ಏಳಿಗೆ, ಅದರ ವಿರುದ್ಧ ದಂಗೆ, ಅದರ ನಿಷೇಧ, ಇಷ್ಟೂ ಈ ಮಕ್ಕಳ ಅಜ್ಜ ಅಪ್ಪಂದಿರ ಆಯುಷ್ಯದೊಳಗೆ ನಡೆದುಹೋಗಿವೆ. ಉದ್ಯಾನದ ಪಾಠದಲ್ಲಿ ನೀಲಗಿರಿಯು ಸುಗಂಧದ ಎಲೆಯುಳ್ಳ ಆಸ್ಟ್ರೇಲಿಯದ ಮರ. ದೇವನಹಳ್ಳಿಯ ಚಕ್ಕೋತದ ಕಥೆಯೂ ಹೆಚ್ಚು ಬೇರೆಯಲ್ಲ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಮಾನ್ಯತೆ ದೊರೆಯುವ ಹೊತ್ತಿಗೆ ತೋಟಗಳು ನಿವೇಶನಗಳಾಗಿದ್ದವು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧,೭೭೭ ಎಕರೆ ಜಮೀನನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳುವುದರ ವಿರುದ್ಧ ೨೦೨೨ರಿಂದ ರೈತರು ಧರಣಿ ಕುಳಿತರು. ೨೦೨೫ರ ಜುಲೈಯಲ್ಲಿ ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಭೂಮಿಯ ಬೆಲೆಯನ್ನು ಹೇಳುವ ದಲ್ಲಾಳಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅದರ ಮೇಲೆ ಏನು ಬೆಳೆಯುತ್ತಿತ್ತು, ಏಕೆ ಬೆಳೆಯುತ್ತಿತ್ತು ಎಂದು ಹೇಳುವವರು ಯಾರು? ಗುಂಡುತೋಪೊಂದು ಒತ್ತುವರಿಯಾದಾಗ ಅದು ತಮ್ಮದೆಂದು ಹೇಳಬಲ್ಲವರು ಅದರ ಹೆಸರನ್ನು ತಿಳಿದವರು ಮಾತ್ರ.

ಉತ್ತಮವಾದ ಮೇಲ್ಪಂಕ್ತಿಗಳು ಇಲ್ಲವೆಂದಲ್ಲ. ಬೆಂಗಳೂರಿನ ಪಕ್ಷಿವೀಕ್ಷಕರ ಕೂಟದವರು, ಡಾಕ್ಟರ್ ಜೋಸೆಫ್ ಜಾರ್ಜ್ ಅವರ ಪ್ರೇರಣೆಯಿಂದ, ದಶಕಗಳ ಕಾಲ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ರೂಢಿಯನ್ನು ನಡೆಸಿಕೊಂಡು ಬಂದರು. ಉಪನ್ಯಾಸವಿಲ್ಲ, ಪ್ರಮಾಣಪತ್ರವಿಲ್ಲ, ಅದೇ ಜಾಗ, ಅದೇ ಕಣ್ಣು, ಬದಲಾಗುವುದು ತಿಂಗಳು ಮಾತ್ರ. ಋತುವನ್ನು ಕಲಿಯಲು ಇದಕ್ಕಿಂತ ಸರಳವಾದ ಉಪಾಯವಿಲ್ಲ. ರೈತರ ಮಕ್ಕಳಿಗಾಗಿ ತೋಟಗಾರಿಕೆ ಇಲಾಖೆ ನಡೆಸುವ ಹತ್ತು ತಿಂಗಳ ತರಬೇತಿಯೂ ನಮ್ಮ ಮೆಚ್ಚುಗೆಗೆ ಪಾತ್ರವಾದದ್ದೇ: ಅದರಲ್ಲಿ ಕೈಗೆ ಮಣ್ಣು ಹತ್ತುತ್ತದೆ. ಹೊರದೇಶದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನವು ೧೯೧೪ರಲ್ಲಿ ಮಕ್ಕಳ ತೋಟವನ್ನು ತೆರೆದು ಇಂದಿಗೂ ನಡೆಸುತ್ತಿದೆ. ಮಕ್ಕಳು ಅಲ್ಲಿ ಬೀಜ ಹಾಕುವುದರಿಂದ ಹಿಡಿದು ಕೊಯ್ಲಿನವರೆಗೆ ಒಂದೇ ಪಾತಿಯನ್ನು ನೋಡಿಕೊಂಡು, ಬೆಳೆದದ್ದನ್ನು ಮನೆಗೆ ಒಯ್ಯುತ್ತಾರೆ. ಈ ಮೂರರಲ್ಲಿಯೂ ಸಮಾನವಾದದ್ದು ಮತ್ತೆ ಮತ್ತೆ ಹಿಂತಿರುಗಿ ಬರುವುದು. ನಮ್ಮ ಬೇಸಿಗೆ ಶಿಬಿರವಾದರೋ ಒಂದು ವಾರದ್ದು, ಪ್ರವಾಸವು ಒಂದು ಹಗಲಿನದು. ಒಂದು ಹಗಲಿನಲ್ಲಿ ಋತುವನ್ನು ತೋರಿಸುವುದು ಒಂದು ಹಾಳೆಯಲ್ಲಿ ಕಾದಂಬರಿಯನ್ನು ತೋರಿಸಿದಂತೆ.

ಹಳ್ಳಿಯ ಶಾಲೆಗೆ ಪ್ರಕೃತಿಯನ್ನು ಬಲ್ಲ ಉಪಾಧ್ಯಾಯರೆಲ್ಲಿ, ಉದ್ಯಾನದ ಪರಿಣತರು ಅಷ್ಟು ದೂರ ಹೋಗಲು ಸಾಧ್ಯವೆ ಎಂಬ ಆಕ್ಷೇಪಣೆ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಲಾಲ್‌ಬಾಗಿನ ೨೪೦ ಎಕರೆಗಳಲ್ಲಿ ಸಂಗ್ರಹವಾಗಿರುವ ಜ್ಞಾನ ಹಳ್ಳಿಯಲ್ಲಿಲ್ಲ, ಅದು ಮಕ್ಕಳಿಗೆ ಬೇಕು. ಆದರೆ ಉದ್ಯಾನವು ಗಿಡಗಳನ್ನು ಹಳ್ಳಿಗೆ ಕಳುಹಿಸಲು ಶಕ್ತವಾಗಿತ್ತೆಂಬುದನ್ನು ಮೇಲೆ ಕಂಡೆವು. ಪಾಠವನ್ನು ಕಳುಹಿಸುವುದು ಅದಕ್ಕಿಂತ ಕಷ್ಟವಲ್ಲ. ಹುಣಸೆಯಲ್ಲಿ ನೋಡುವಂಥದ್ದೇನಿದೆ, ಟಬೂಬಿಯಾದಂತೆ ಅದು ಕಣ್ಣು ಸೆಳೆಯುವುದಿಲ್ಲವಲ್ಲ ಎಂಬ ಇನ್ನೊಂದು ಮಾತನ್ನೂ ನಾವು ಕೇಳಿದ್ದೇವೆ. ಹತ್ತಿರ ಹೋಗಿ ನೋಡಿದವರು ಹಾಗೆ ಹೇಳಲಾರರು: ಮಾಸಲು ಹಳದಿಯ ಎಸಳುಗಳ ಮೇಲೆ ಕೆಂಪು ಗೆರೆಗಳನ್ನು ಬರೆದ ಆ ಸಣ್ಣ ಹೂವನ್ನು ಕಾಣಲು ತಲೆಯೆತ್ತಿ ನಿಲ್ಲಬೇಕು, ಅಷ್ಟೆ.

ಕಾಲವೂ ಅನುಕೂಲವಾಗಿದೆ. ನಮ್ಮ ಶಾಲೆಗಳು ಬಾಗಿಲು ತೆರೆಯುವ ಜೂನ್ ಸುಮಾರಿಗೆ ಹುಣಸೆ ಹೂಬಿಟ್ಟಿರುತ್ತದೆ. ಹಿಂಗಾರಿನ ಹೊತ್ತಿಗೆ ಹಸಿಯ ಕಾಯಿ ತೂಗುತ್ತದೆ. ಜನವರಿಯಲ್ಲಿ ಸಿಪ್ಪೆ ಕಂದಾಗಿ ಒಳಗಿನ ಹಣ್ಣಿನಿಂದ ಬೇರೆಯಾಗತೊಡಗುತ್ತದೆ. ಫೆಬ್ರವರಿ ಮಾರ್ಚಿನಲ್ಲಿ, ಪರೀಕ್ಷೆಗಳು ಸಮೀಪಿಸುವಾಗ, ಗಂಡಸರು ಕೊಂಬೆಗಳನ್ನು ಜಾಡಿಸುತ್ತಾರೆ, ಹೆಂಗಸರು ಕೆಳಗೆ ಆಯ್ದು, ಸಿಪ್ಪೆ ಬಿಡಿಸಿ, ಬೀಜ ಕುಟ್ಟಿ ತೆಗೆಯುತ್ತಾರೆ. ಶಾಲೆಯ ಒಂದು ವರ್ಷವೂ ಹುಣಸೆಯ ಒಂದು ಬೆಳೆಯೂ ಹೀಗೆ ಜೊತೆಯಾಗಿ ನಡೆಯುತ್ತವೆ. ಜೂನಿನಿಂದ ಮಾರ್ಚಿನವರೆಗೆ ತಿಂಗಳಿಗೊಂದು ಮಧ್ಯಾಹ್ನ ನಲ್ಲೂರಿಗೋ ತಮ್ಮೂರಿನ ತೋಪಿಗೋ ಹೋಗಿ, ಒಂದೇ ಮರದ ಕೆಳಗೆ ನಿಂತು, ಆ ವಾರದ ಮಳೆಯ ಹೆಸರನ್ನೂ ಮರದ ಸ್ಥಿತ್ಯಂತರವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವ ತರಗತಿಗೆ ಹತ್ತು ಭೇಟಿಗಳು ಸಾಕು. ಮರುವರ್ಷದ ಮಕ್ಕಳಿಗೆ ಅದೇ ಮರವನ್ನೂ ಅದೇ ಪುಸ್ತಕವನ್ನೂ ಒಪ್ಪಿಸಬಹುದು.